ವರ್ಚುವಲ್ ಮಷಿನ್ ತೆವಳುತ್ತಿದೆಯೇ? ಇದ್ದದ್ದನ್ನೆಲ್ಲ ಅದಕ್ಕೆ ಕೊಡಬೇಡಿ

ವಿಂಡೋಸ್‌ನ ಒಳಗೇ ಲಿನಕ್ಸ್ ಓಡಿಸುವ ಉತ್ಸಾಹದಲ್ಲಿ, ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರಿನಂತೆ ವರ್ತಿಸುವ ವರ್ಚುವಲ್ ಮಷಿನ್‌ಗಳನ್ನು ನಡೆಸುವ ತಂತ್ರಾಂಶವಾದ ವರ್ಚುವಲ್‌ಬಾಕ್ಸ್ ಹಾಕಿಕೊಂಡಾಗ ನಾನು ಮಾಡಿದ ಮೊದಲ ತಪ್ಪು ಔದಾರ್ಯ. ನಿಧಾನವಾಗಿದೆಯೆಂದು ಪ್ರೊಸೆಸರ್‌ನಲ್ಲಿದ್ದ ನಾಲ್ಕೂ ಕೋರ್‌ಗಳನ್ನು, 8 ಜಿಬಿ ರ್‍ಯಾಮ್‌ನಲ್ಲಿ 6 ಜಿಬಿಯನ್ನು ಅದಕ್ಕೇ ಬರೆದುಕೊಟ್ಟೆ. ಒಳಗಿನ ಲಿನಕ್ಸ್ ಚುರುಕಾಗಲಿಲ್ಲ. ಹೊರಗಿನ ವಿಂಡೋಸೂ ಅಲುಗಾಡದೆ ಕುಳಿತಿತು.

ಮೊದಲು ನೋಡಬೇಕಾದದ್ದು ಪ್ರೊಸೆಸರ್‌ನ ವರ್ಚುವಲೈಸೇಶನ್ ಸೌಲಭ್ಯ. ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು ಆರಿಸಿ. ‘ವರ್ಚುವಲೈಸೇಶನ್’ ಎದುರು ‘ಎನೇಬಲ್ಡ್’ ಎಂದಿರಬೇಕು. ಇಲ್ಲದಿದ್ದರೆ ಕಂಪ್ಯೂಟರನ್ನು ಮರುಚಾಲೂ ಮಾಡಿ, ಶುರುವಾಗುವಾಗಲೇ ತೆರೆಯುವ ಸೆಟ್ಟಿಂಗ್ಸ್ ಪರದೆಯಾದ ಬಯೋಸ್‌ಗೆ ಹೋಗಿ. ಇಂಟೆಲ್‌ನಲ್ಲಿ ಅದು ವಿಟಿ-ಎಕ್ಸ್, ಎಎಂಡಿಯಲ್ಲಿ ಎಸ್‌ವಿಎಂ ಎಂಬಂಥ ಹೆಸರಿನಲ್ಲಿರುತ್ತದೆ. ಚಾಲೂ ಮಾಡಿ, ಉಳಿಸಿ, ಹೊರಬನ್ನಿ.

ಇನ್ನು ಆಮೆಯ ವಿಷಯ. ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಪುಟ್ಟ ಹಸಿರು ಆಮೆ ಕಾಣುತ್ತಿದೆಯೇ? ಅದು ಅಲಂಕಾರವಲ್ಲ. ವಿಂಡೋಸ್‌ನ ಸ್ವಂತ ವರ್ಚುವಲ್ ಮಷಿನ್ ವ್ಯವಸ್ಥೆಯಾದ ಹೈಪರ್-ವಿ ಪ್ರೊಸೆಸರ್ ಸೌಲಭ್ಯವನ್ನು ಮೊದಲೇ ಹಿಡಿದಿಟ್ಟುಕೊಂಡಿದೆ, ವರ್ಚುವಲ್‌ಬಾಕ್ಸ್ ಅದರ ಮೂಲಕ ಸುತ್ತಿ ಬಳಸಿ ಕೆಲಸ ಮಾಡುತ್ತಿದೆ ಎಂದು ಅರ್ಥ. ‘ವಿಂಡೋಸ್ ಫೀಚರ್ಸ್’ ಪಟ್ಟಿಯಲ್ಲಿ ಹೈಪರ್-ವಿ, ವರ್ಚುವಲ್ ಮಷಿನ್ ಪ್ಲಾಟ್‌ಫಾರ್ಮ್‌ಗಳ ಗುರುತು ತೆಗೆದರೆ ಆಮೆ ಮಾಯವಾಗಬಹುದು. ಆದರೆ ಡಬ್ಲ್ಯುಎಸ್‌ಎಲ್ 2 (ವಿಂಡೋಸ್‌ನಲ್ಲೇ ಲಿನಕ್ಸ್ ಓಡಿಸುವ ಮೈಕ್ರೋಸಾಫ್ಟ್‌ನ ಸೌಲಭ್ಯ) ಬಳಸುವವರಿಗೆ ಅದು ಕೈತಪ್ಪುತ್ತದೆ. ಹಾಗೆಯೇ ವಿಂಡೋಸ್ ಸೆಕ್ಯುರಿಟಿಯ ‘ಕೋರ್ ಐಸೊಲೇಶನ್’ನ ಮೆಮೊರಿ ಇಂಟೆಗ್ರಿಟಿಯೂ ಆಮೆಯನ್ನು ಕರೆತರುತ್ತದೆ, ಆದರೆ ಅದು ಭದ್ರತೆಗೆಂದು ಇರುವ ವ್ಯವಸ್ಥೆ. ತುಸು ವೇಗಕ್ಕಾಗಿ ಅದನ್ನು ನಾನಂತೂ ಆಫ್ ಮಾಡುವುದಿಲ್ಲ.

ರ್‍ಯಾಮ್ ಹಂಚುವಾಗ ಲೆಕ್ಕ ಹೊರಗಿನಿಂದ ಶುರುವಾಗಲಿ. ನೀವು ದಿನವೂ ತೆರೆಯುವ ಬ್ರೌಸರ್ ಮುಂತಾದವನ್ನು ತೆರೆದಿಟ್ಟು ಎಷ್ಟು ಮೆಮೊರಿ ಖರ್ಚಾಗುತ್ತದೆ ನೋಡಿ. ಮಿಕ್ಕಿದ್ದರಲ್ಲಿ ಮಾತ್ರ ಪಾಲು ಕೊಡಿ. ಹೊರಗಿನ ವ್ಯವಸ್ಥೆಗೆ ಮೆಮೊರಿ ಸಾಲದಾದರೆ ಅದು ಡಿಸ್ಕನ್ನೇ ಮೆಮೊರಿಯಂತೆ ಬಳಸತೊಡಗುತ್ತದೆ. ಆಗ ಒಳಗಿನದು, ಹೊರಗಿನದು ಎರಡೂ ಒಂದೇ ಡಿಸ್ಕಿನ ಮುಂದೆ ಸಾಲುಗಟ್ಟಿ ನಿಲ್ಲುತ್ತವೆ. 8 ಜಿಬಿ ಇರುವ ಯಂತ್ರದಲ್ಲಿ 3 ಜಿಬಿ ಕೊಟ್ಟು, ಎಕ್ಸ್‌ಎಫ್‌ಸಿಇ ಇಲ್ಲವೆ ಎಲ್‌ಎಕ್ಸ್‌ಕ್ಯೂಟಿಯಂಥ ಹಗುರ ಡೆಸ್ಕ್‌ಟಾಪ್ ಇರುವ ಲಿನಕ್ಸ್ ಹಾಕಿದರೆ ಬಹುಪಾಲು ಕೆಲಸ ಸಾಗುತ್ತದೆ. ಕೋರ್‌ಗಳಿಗೂ ಇದೇ ಮಾತು: ನಾಲ್ಕಿದ್ದರೆ ಎರಡು ಸಾಕು.

ವರ್ಚುವಲ್ ಮಷಿನ್‌ನ ಫೈಲು ಹಳೆಯ ತಿರುಗುವ ಹಾರ್ಡ್ ಡಿಸ್ಕಿನಲ್ಲಿದ್ದರೆ ಮೇಲಿನದೆಲ್ಲ ಅರ್ಧ ಪ್ರಯತ್ನ. ಎಸ್‌ಎಸ್‌ಡಿಗೆ ಸಾಗಿಸಿ, ನನಗೆ ಕಣ್ಣಿಗೆ ಹೊಡೆಯುವಷ್ಟು ವ್ಯತ್ಯಾಸ ಕಂಡದ್ದು ಇದೊಂದರಿಂದಲೇ.

ಒಳಗಿನ ವ್ಯವಸ್ಥೆಯಲ್ಲಿ ‘ಗೆಸ್ಟ್ ಅಡಿಶನ್ಸ್’ ಹಾಕಲು ಮರೆಯಬೇಡಿ. ಪರದೆ, ಮೌಸ್‌ಗಳಿಗೆ ತಕ್ಕ ಡ್ರೈವರ್‌ಗಳು ಬರುವುದು ಅದರಿಂದ. ವಿಡಿಯೊ ಮೆಮೊರಿಯನ್ನು 128 ಎಂಬಿಗೆ ಏರಿಸಿ.

ಕೊನೆಗೆ ಸ್ನ್ಯಾಪ್‌ಶಾಟ್‌ಗಳು, ಅಂದರೆ ಬೇಕಾದಾಗ ಹಿಂದಿರುಗಲು ವರ್ಚುವಲ್ ಮಷಿನ್‌ನ ಆ ಕ್ಷಣದ ಸ್ಥಿತಿಯನ್ನು ಉಳಿಸಿಡುವುದು. ಒಂದೊಂದು ಸ್ನ್ಯಾಪ್‌ಶಾಟ್ ತೆಗೆದಾಗಲೂ ಆನಂತರದ ಬದಲಾವಣೆಗಳು ಹೊಸ ಫೈಲಿನಲ್ಲಿ ಕೂಡುತ್ತ ಹೋಗುತ್ತವೆ. ಸರಪಳಿ ಉದ್ದವಾದಷ್ಟೂ ಓದುವ ಕೆಲಸ ಹೆಚ್ಚು. ಬೇಡದವನ್ನು ವರ್ಚುವಲ್‌ಬಾಕ್ಸ್‌ನ ಒಳಗಿನಿಂದಲೇ ಅಳಿಸಿ, ಫೋಲ್ಡರಿಗೆ ಹೋಗಿ ಫೈಲು ತೆಗೆಯಬೇಡಿ. ಅಳಿಸುವಾಗ ಫೈಲುಗಳು ಒಂದರೊಳಗೊಂದು ಸೇರಿಕೊಳ್ಳಬೇಕಾದ್ದರಿಂದ ಡಿಸ್ಕಿನಲ್ಲಿ ಖಾಲಿ ಜಾಗ ಇರಲಿ, ಮುಗಿಯುವ ತನಕ ಕಂಪ್ಯೂಟರ್ ಆರಿಸಬೇಡಿ.