ಒಂದು ಹಾಡು, ಎರಡು ಆಸ್ತಿ: ಕಂಪನಿಯ ಹಂಗಿಲ್ಲದೆ ಕಂಟ್ರಿ ಗಾಯಕ-ಗೀತರಚನೆಕಾರರಾಗುವ ದಾರಿ

ಅಮೆರಿಕದಲ್ಲಿ ರೆಕಾರ್ಡ್ ಕಂಪನಿಯ ನೆರಳಿಲ್ಲದೆ ಕಂಟ್ರಿ (ಅಲ್ಲಿನ ಹಳ್ಳಿಗಾಡಿನ ಮೂಲದ ಜನಪ್ರಿಯ ಸಂಗೀತ) ಹಾಡಿ ಬದುಕಲು ಸಾಧ್ಯವಿದೆ. 2015ರಲ್ಲಿ ಟೆಕ್ಸಸ್‌ನ ಆರನ್ ವಾಟ್ಸನ್ ತಾವೇ ಬಿಡುಗಡೆ ಮಾಡಿದ ಆಲ್ಬಮ್ ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಆಲ್ಬಮ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಆದರೆ ಅದರ ಹಿಂದೆ ಡಾನ್ಸ್ ಹಾಲ್‌ಗಳಲ್ಲಿ ಹತ್ತು ವರ್ಷಕ್ಕೂ ಮೀರಿದ ಓಡಾಟವಿತ್ತು. ಸ್ವತಂತ್ರವಾಗಿರುವುದೆಂದರೆ ಕಂಪನಿಯವರು ಹತ್ತು ಜನರಿಂದ ಮಾಡಿಸುವ ಕೆಲಸವನ್ನು ನೀವೊಬ್ಬರೇ ಮಾಡುವುದು. ಅದರಲ್ಲಿ ಹೆಚ್ಚಿನವರು ಎಡವುವುದು ಹಾಡುವುದರಲ್ಲಿ ಅಲ್ಲ, ಕೆಲಸದ ಸರದಿಯಲ್ಲಿ ಮತ್ತು ಕಾಗದಪತ್ರದಲ್ಲಿ.

ಮೊದಲು ಹಾಡುಗಳು

ಕಂಟ್ರಿ ಹಾಡಿನ ಅಚ್ಚು ಸರಳ. ಮೂರರಿಂದ ಮೂರೂವರೆ ನಿಮಿಷ, ಮೊದಲ ನಿಮಿಷದೊಳಗೆ ಪಲ್ಲವಿ, ಪಲ್ಲವಿಯ ಮೊದಲ ಅಥವಾ ಕೊನೆಯ ಸಾಲಿನಲ್ಲಿ ಹಾಡಿನ ಹೆಸರು. ಎರಡನೇ ಚರಣ ಮೊದಲನೆಯದನ್ನೇ ಬೇರೆ ಮಾತಿನಲ್ಲಿ ಹೇಳಿದರೆ ಹಾಡು ಅಲ್ಲೇ ಸೊರಗುತ್ತದೆ. ಎರಡನೇ ಚರಣದಲ್ಲಿ ಕಾಲ ಮುಂದೆ ಸರಿಯಬೇಕು, ಇಲ್ಲವೇ ಕಥೆಯ ಇನ್ನೊಂದು ಮಗ್ಗುಲು ಕಾಣಬೇಕು. ಆಗ ಅದೇ ಪಲ್ಲವಿ ಎರಡನೇ ಸಲ ಬಂದಾಗ ಬೇರೆಯೇ ಅರ್ಥ ಕೊಡುತ್ತದೆ. "ದುಃಖವಾಯಿತು" ಎಂದು ಬರೆಯುವ ಬದಲು ಅಡುಗೆಮನೆಯ ಮೇಜಿನ ಮೇಲೆ ಉಳಿದ ಎರಡನೇ ಲೋಟವನ್ನು ತೋರಿಸಿ.

ರೆಕಾರ್ಡಿಂಗ್ ಯೋಚನೆಗೆ ಮೊದಲು ಕನಿಷ್ಠ 30 ಹಾಡು ಮುಗಿಸಿ. ಅದರಲ್ಲಿ ಐದಾರು ಗಟ್ಟಿ ನಿಂತರೆ ಒಳ್ಳೆಯ ಲೆಕ್ಕವೇ. ಯಾವುದು ನಿಂತಿತು ಎಂಬುದು ಮನೆಯಲ್ಲಿ ಗೊತ್ತಾಗುವುದಿಲ್ಲ, ಅಪರಿಚಿತರ ಮುಂದೆ ಹಾಡಿದಾಗ ಗೊತ್ತಾಗುತ್ತದೆ. ಅದಕ್ಕೇ ಎರಡನೆಯ ಕೆಲಸ ಜಾಗ ಹುಡುಕುವುದು.

ಎಲ್ಲಿ ಹಾಡಬೇಕು

ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್ ನಗರದಲ್ಲಿ ಎರಡು ಬೇರೆ ಬೇರೆ ಲೋಕಗಳಿವೆ. ಲೋವರ್ ಬ್ರಾಡ್‌ವೇ ಬೀದಿಯ ಹಾಂಕಿ-ಟಾಂಕ್‌ಗಳಲ್ಲಿ, ಅಂದರೆ ಕಂಟ್ರಿ ಹಾಡುವ ಮದ್ಯದಂಗಡಿಗಳಲ್ಲಿ, ಸಾಮಾನ್ಯವಾಗಿ ನಾಲ್ಕು ಗಂಟೆಯ ಪಾಳಿ. ಪ್ರವಾಸಿಗರು ಕೇಳಿದ ಹಳೆಯ ಹಿಟ್ ಹಾಡುಗಳನ್ನು ಹಾಡಬೇಕು, ಸಂಪಾದನೆ ಬಹುಪಾಲು ಟಿಪ್ಸ್ ಡಬ್ಬಿಯಿಂದ. ಗಂಟಲು ಪಳಗುತ್ತದೆ, ವಾದ್ಯಗಾರರ ಪರಿಚಯವಾಗುತ್ತದೆ, ಆದರೆ ನಿಮ್ಮ ಹಾಡಿಗೆ ಅಲ್ಲಿ ಜಾಗ ಕಡಿಮೆ. ಇನ್ನೊಂದು ಲೋಕ ಗೀತರಚನೆಕಾರರದ್ದು: ಮೂರು-ನಾಲ್ಕು ಜನ ಸುತ್ತ ಕೂತು ಸರದಿಯಂತೆ ಸ್ವಂತ ಹಾಡು ಹಾಡುವ ರೌಂಡ್‌ಗಳು. 1982ರಲ್ಲಿ ಶುರುವಾದ ಬ್ಲೂಬರ್ಡ್ ಕೆಫೆ ಇದಕ್ಕೆ ಹೆಸರುವಾಸಿ. ಸುಮಾರು 90 ಕುರ್ಚಿಗಳ ಪುಟ್ಟ ಜಾಗ, ಹಾಡುವಾಗ ಮಾತಾಡಿದರೆ ಬಾಯಿ ಮುಚ್ಚಿಸುತ್ತಾರೆ. ಸೋಮವಾರದ ಓಪನ್ ಮೈಕ್, ಅಂದರೆ ಹೆಸರು ಕೊಟ್ಟು ಯಾರಾದರೂ ಹಾಡಬಹುದಾದ ವೇದಿಕೆ, ಹೊಸಬರ ಬಾಗಿಲು. ಅಲ್ಲಿ ಸಿಗುವುದು ಒಂದೋ ಎರಡೋ ಹಾಡಿನ ಸಮಯ ಮಾತ್ರ, ಆದ್ದರಿಂದ ಪೀಠಿಕೆ ಎರಡು ವಾಕ್ಯ ಮೀರಬಾರದು, ಶ್ರುತಿ ಮೊದಲೇ ಕೂಡಿರಬೇಕು.

ಟೆಕ್ಸಸ್ ಮತ್ತು ಒಕ್ಲಹೋಮಾದ ದಾರಿ ಬೇರೆ. ಅಲ್ಲಿ ಸ್ವಂತ ಹಾಡಿಗೇ ಜನ ಟಿಕೆಟ್ ಕೊಳ್ಳುತ್ತಾರೆ, ಪ್ರಾದೇಶಿಕ ರೇಡಿಯೋ ಸ್ವತಂತ್ರರ ಹಾಡು ಹಾಕುತ್ತದೆ. 1878ರಲ್ಲಿ ಕಟ್ಟಿದ ಗ್ರೀನ್ ಹಾಲ್‌ನಂಥ ಡಾನ್ಸ್ ಹಾಲ್‌ಗಳಲ್ಲಿ ಜನ ಜೋಡಿಯಾಗಿ ಟೂ-ಸ್ಟೆಪ್ ಹೆಜ್ಜೆ ಹಾಕಲು ಬರುತ್ತಾರೆ. ಸಾಲಾಗಿ ಮೂರು ನಿಧಾನದ ಹಾಡು ಹಾಡಿದರೆ ನೆಲ ಖಾಲಿ. ಎರಡು ಶಫಲ್ (ತೂಗುವ ಲಯದ ಹಾಡು), ಒಂದು ವಾಲ್ಟ್ಸ್ (ಮೂರೆಣಿಕೆಯ ಹಾಡು), ಮತ್ತೆ ಎರಡು ವೇಗದ ಹಾಡು ಎಂಬಂತೆ ಪಟ್ಟಿ ಹೆಣೆಯಿರಿ. ಬೇರೆಯವರಿಗೆ ಹಾಡು ಬರೆದುಕೊಡುವ ಆಸೆ ಇದ್ದರೆ ನ್ಯಾಶ್‌ವಿಲ್, ವೇದಿಕೆಯೇ ಮುಖ್ಯವಾದರೆ ಟೆಕ್ಸಸ್. ಎರಡಕ್ಕೂ ಒಟ್ಟಿಗೆ ಕೈ ಹಾಕಿದವರು ಮೊದಲ ಎರಡು ವರ್ಷ ಪೆಟ್ರೋಲ್‌ಗೇ ದುಡಿಯುತ್ತಾರೆ.

ಕಾಗದಪತ್ರ: ಹಾಡು ಒಂದೇ, ಆಸ್ತಿ ಎರಡು

ಈ ಭಾಗವನ್ನು ನಿಧಾನಕ್ಕೆ ಓದಿ. ಸಾಹಿತ್ಯ ಮತ್ತು ರಾಗ ಸೇರಿದ ರಚನೆ ಒಂದು ಆಸ್ತಿ. ಅದನ್ನು ಹಾಡಿ ಮುದ್ರಿಸಿದ ಧ್ವನಿ, ಅಂದರೆ ಮಾಸ್ಟರ್, ಇನ್ನೊಂದು. ಎರಡರ ಹಣ ಬೇರೆ ಬೇರೆ ಕೊಳವೆಯಲ್ಲಿ ಬರುತ್ತದೆ, ಪ್ರತಿ ಕೊಳವೆಯ ಬಾಯಲ್ಲೂ ನಿಮ್ಮ ಹೆಸರು ಬರೆಸಬೇಕು.

ರಚನೆಯ ಪ್ರದರ್ಶನ ಹಕ್ಕಿನ ಹಣ (ರೇಡಿಯೋ, ವೇದಿಕೆ, ಸ್ಟ್ರೀಮಿಂಗ್‌ನಲ್ಲಿ ಹಾಡು ಕೇಳಿಸಿದ್ದಕ್ಕೆ ಬರುವುದು) ಆಸ್ಕ್ಯಾಪ್ ಅಥವಾ ಬಿಎಂಐ ಎಂಬ ಸಂಸ್ಥೆಗಳ ಮೂಲಕ ಬರುತ್ತದೆ. ಗೀತರಚನೆಕಾರರಾಗಿ ಇವೆರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು. ಮೂರನೆಯದಾದ ಸೆಸ್ಯಾಕ್ ಆಹ್ವಾನಿಸಿದವರನ್ನಷ್ಟೇ ಸೇರಿಸಿಕೊಳ್ಳುತ್ತದೆ. ಈ ಹಣದಲ್ಲಿ ಅರ್ಧ ರಚನೆಕಾರರ ಪಾಲು, ಅರ್ಧ ಪ್ರಕಾಶಕರ (ಹಾಡಿನ ವ್ಯವಹಾರ ನೋಡಿಕೊಳ್ಳುವವರ) ಪಾಲು. ನಿಮಗೆ ಪ್ರಕಾಶಕರು ಇಲ್ಲದಿದ್ದರೆ ಆ ಪಾಲೂ ನಿಮ್ಮದೇ, ಆದರೆ ಅದನ್ನು ಪಡೆಯುವ ಕ್ರಮ ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಸೇರುವ ದಿನವೇ ಇದನ್ನು ಸರಿಮಾಡಿಕೊಳ್ಳಿ.

ಸ್ಟ್ರೀಮಿಂಗ್‌ನಿಂದ ರಚನೆಗೆ ಬರುವ ಮೆಕ್ಯಾನಿಕಲ್ ರಾಯಲ್ಟಿ, ಅಂದರೆ ಹಾಡಿನ ಪ್ರತಿ ಮಾಡಿದ್ದಕ್ಕೆ ಸಿಗುವ ಹಣ, ಎಂಎಲ್‌ಸಿ (ಮೆಕ್ಯಾನಿಕಲ್ ಲೈಸೆನ್ಸಿಂಗ್ ಕಲೆಕ್ಟಿವ್) ಸಂಸ್ಥೆಯಿಂದ. 2018ರ ಮ್ಯೂಸಿಕ್ ಮಾಡರ್ನೈಸೇಶನ್ ಕಾಯ್ದೆಯಿಂದ ಹುಟ್ಟಿದ ಈ ಸಂಸ್ಥೆ 2021ರ ಜನವರಿಯಿಂದ ಕೆಲಸ ಮಾಡುತ್ತಿದೆ, ಸದಸ್ಯರಾಗಲು ಹಣ ಕೊಡಬೇಕಿಲ್ಲ. "ಬಿಎಂಐ ಇದೆಯಲ್ಲ, ಡಿಸ್ಟ್ರಿಬ್ಯೂಟರ್ ಇದ್ದಾರಲ್ಲ" ಎಂದು ಇದನ್ನು ಬಿಡುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ನಿಮ್ಮ ಮುದ್ರಣವನ್ನು ಸ್ಪಾಟಿಫೈನಂಥ ಕಡೆ ತಲುಪಿಸುವ ಡಿಸ್ಟ್ರಿಬ್ಯೂಟರ್ ತಂದುಕೊಡುವುದು ಮಾಸ್ಟರ್‌ನ ಹಣ. ಬಿಎಂಐ ಕೊಡುವುದು ಪ್ರದರ್ಶನದ ಹಣ. ನಡುವಿನ ಈ ಪಾಲು ಯಾರದೆಂದು ತಿಳಿಯದೆ ಅಲ್ಲೇ ಬಿದ್ದಿರುತ್ತದೆ.

ಉಪಗ್ರಹ ರೇಡಿಯೋ ಮತ್ತು ಇಂಟರ್ನೆಟ್ ರೇಡಿಯೋದಿಂದ ಮಾಸ್ಟರ್‌ಗೆ ಬರುವ ಹಣವನ್ನು ಸಂಗ್ರಹಿಸಿ ಹಂಚುವುದು ಸೌಂಡ್‌ಎಕ್ಸ್‌ಚೇಂಜ್ ಸಂಸ್ಥೆ. ಅದರಲ್ಲಿ ಶೇ. 50 ಮಾಸ್ಟರ್‌ನ ಒಡೆಯರಿಗೆ, ಶೇ. 45 ಮುಖ್ಯ ಕಲಾವಿದರಿಗೆ, ಶೇ. 5 ಪಕ್ಕವಾದ್ಯ ಮತ್ತು ಸಹಗಾಯನದವರ ನಿಧಿಗೆ. ನೀವು ಒಡೆಯರೂ ಹೌದು, ಕಲಾವಿದರೂ ಹೌದು. ಆದ್ದರಿಂದ ಎರಡೂ ಪಾತ್ರದಲ್ಲಿ ನೋಂದಾಯಿಸಿ. ಇನ್ನೊಂದು ವಿಷಯ ನೆನಪಿರಲಿ: ಅಮೆರಿಕದ ಎಎಂ-ಎಫ್ಎಂ ರೇಡಿಯೋ ಹಾಡು ಬರೆದವರಿಗೆ ಹಣ ಕೊಡುತ್ತದೆ, ಹಾಡಿದವರಿಗೆ ಕೊಡುವುದಿಲ್ಲ. ಅಲ್ಲಿ ಗಾಯಕರಾಗಿ ನಿಮಗೆ ಸೊನ್ನೆ, ರಚನೆಕಾರರಾಗಿ ಆದಾಯ. ಸ್ವಂತ ಹಾಡೇ ಬರೆಯಿರಿ ಎಂದು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಕಾಪಿರೈಟ್ ಹಾಡನ್ನು ಬರೆದಿಟ್ಟ ಅಥವಾ ಮುದ್ರಿಸಿದ ಕ್ಷಣದಿಂದಲೇ ನಿಮ್ಮದು. ಆದರೆ ಅಮೆರಿಕದ ಕೃತಿಗಾಗಿ ಕೋರ್ಟಿಗೆ ಹೋಗಲು ನೋಂದಣಿ ಬೇಕು. ನಿಮಗೆ ನೀವೇ ಅಂಚೆಯಲ್ಲಿ ಕಳಿಸಿಕೊಂಡ ಮೊಹರು ಲಕೋಟೆ ನೋಂದಣಿಯ ಕೆಲಸ ಮಾಡುವುದಿಲ್ಲ. ಇನ್ನೂ ಪ್ರಕಟವಾಗದ 10 ಹಾಡುಗಳನ್ನು ಒಂದೇ ಅರ್ಜಿಯಲ್ಲಿ, 85 ಡಾಲರ್ ಶುಲ್ಕದಲ್ಲಿ ನೋಂದಾಯಿಸಬಹುದು. ಹತ್ತೂ ಹಾಡಿಗೆ ಒಬ್ಬರೇ ಕರ್ತೃ, ಇಲ್ಲವೇ ಅದೇ ಗುಂಪಿನವರೇ ಕರ್ತೃಗಳಾಗಿರಬೇಕು ಎಂಬುದು ಷರತ್ತು. ಒಂದು ಹಾಡಿನಲ್ಲಿ ಗೆಳೆಯರ ಪಾಲಿದ್ದರೆ ಅದಕ್ಕೆ ಬೇರೆ ಅರ್ಜಿ.

ಗೆಳೆಯರ ಜೊತೆ ಕೂತು ಬರೆಯುವಾಗ ನ್ಯಾಶ್‌ವಿಲ್‌ನ ರೂಢಿ ಸಮಪಾಲು: ಕೋಣೆಯಲ್ಲಿದ್ದವರೆಲ್ಲರಿಗೂ ಒಂದೇ ಭಾಗ, ಒಬ್ಬರು ಒಂದೇ ಸಾಲು ಕೊಟ್ಟಿದ್ದರೂ ಸರಿ. ಎದ್ದು ಹೋಗುವ ಮೊದಲು ಒಂದು ಹಾಳೆಯಲ್ಲಿ ಹಾಡಿನ ಹೆಸರು, ತಾರೀಖು, ಪ್ರತಿಯೊಬ್ಬರ ಕಾನೂನುಬದ್ಧ ಹೆಸರು, ಪಾಲು, ಅವರ ಸಂಸ್ಥೆ (ಆಸ್ಕ್ಯಾಪ್, ಬಿಎಂಐನಂಥದ್ದು), ರಚನೆಕಾರರನ್ನು ಗುರುತಿಸುವ ಐಪಿಐ ಸಂಖ್ಯೆ ಬರೆದು ಸಹಿ ಹಾಕಿಸಿ. ಮೂವರಿದ್ದರೆ 33.34, 33.33, 33.33. ಒಬ್ಬರು ಅರ್ಧ ಎಂದು, ಉಳಿದವರು ಮೂರನೇ ಒಂದು ಎಂದು ನೋಂದಾಯಿಸಿದರೆ ಒಟ್ಟು ನೂರು ದಾಟುತ್ತದೆ, ಜಗಳ ಬಗೆಹರಿಯುವವರೆಗೆ ಹಣ ತಡೆಯಬಹುದು.

ರೆಕಾರ್ಡಿಂಗ್

ನ್ಯಾಶ್‌ವಿಲ್ ಸ್ಟುಡಿಯೋಗಳ ದಿನ ಮೂರು ಗಂಟೆಯ ಸೆಶನ್‌ಗಳಾಗಿ ಒಡೆದಿರುತ್ತದೆ: ಬೆಳಿಗ್ಗೆ 10, ಮಧ್ಯಾಹ್ನ 2, ಸಂಜೆ 6. ಪಳಗಿದ ವಾದ್ಯಗಾರರು ಅಷ್ಟರಲ್ಲಿ ನಾಲ್ಕೈದು ಡೆಮೊ (ಮಾದರಿ ಮುದ್ರಣ) ಮುಗಿಸಬಲ್ಲರು. ಅದಕ್ಕೆ ಕಾರಣ ನ್ಯಾಶ್‌ವಿಲ್ ನಂಬರ್ ಸಿಸ್ಟಮ್. ಸ್ವರಮೇಳದ (chord) ಹೆಸರಿನ ಬದಲು ಶ್ರುತಿಯಿಂದ ಎಣಿಸಿದ ಅಂಕಿ ಬರೆಯುತ್ತಾರೆ. ಜಿ ಶ್ರುತಿಯಲ್ಲಿ 1 ಎಂದರೆ ಜಿ, 4 ಎಂದರೆ ಸಿ, 5 ಎಂದರೆ ಡಿ, 6ರ ಮುಂದೆ ಅಡ್ಡಗೆರೆ ಇದ್ದರೆ ಇ ಮೈನರ್. ಒಂದು ಅಂಕಿ ಒಂದು ಬಾರ್, ಅಂದರೆ ತಾಳದ ಒಂದು ಸುತ್ತು:

1 1 4 1
1 6- 5 5

ಎರಡು ಅಂಕಿಯ ಕೆಳಗೆ ಒಂದೇ ಗೆರೆ ಎಳೆದಿದ್ದರೆ ಆ ಬಾರ್ ಎರಡಕ್ಕೂ ಹಂಚಿಕೆ. ಅಂಕಿಯ ಸುತ್ತ ವಜ್ರಾಕಾರ ಇದ್ದರೆ ಒಮ್ಮೆ ಮೀಟಿ ಮೊಳಗಲು ಬಿಡಬೇಕು. ಗಂಟಲು ಸರಿಯಿಲ್ಲವೆಂದು ಶ್ರುತಿಯನ್ನು ಎ ಇಂದ ಜಿಗೆ ಇಳಿಸಿದರೂ ಹಾಳೆ ಬದಲಾಗುವುದಿಲ್ಲ. ಹೋಗುವ ಮೊದಲೇ ಪ್ರತಿ ಹಾಡಿನ ಹಾಳೆ ಬರೆದು, ಗಿಟಾರ್ ಮತ್ತು ದನಿ ಮಾತ್ರ ಇರುವ ಫೋನ್ ರೆಕಾರ್ಡಿಂಗನ್ನು ವೇಗದ ಬಿಪಿಎಂ (ನಿಮಿಷಕ್ಕೆ ಎಷ್ಟು ಬಡಿತ) ಸಮೇತ ವಾದ್ಯವೃಂದದ ಮುಖ್ಯಸ್ಥರಿಗೆ ಕಳಿಸಿ. ಸ್ಟುಡಿಯೋದಲ್ಲಿ ಕೂತು ವೇಗ ಹುಡುಕುವುದಕ್ಕೂ ಗಂಟೆಯ ಬಾಡಿಗೆ ತಗಲುತ್ತದೆ.

ಮೊದಲ ಸಲ ಹತ್ತು ಹಾಡಿನ ಆಲ್ಬಮ್ ಬೇಡ. ನಾಲ್ಕು ಹಾಡು ಚೆನ್ನಾಗಿ ಮಾಡಿ, ಪೆಡಲ್ ಸ್ಟೀಲ್ (ಅಡ್ಡ ಇಟ್ಟು ನುಡಿಸುವ, ಪೆಡಲ್ ಇರುವ ಗಿಟಾರ್) ಅಥವಾ ಫಿಡಲ್‌ಗೆ (ಪಿಟೀಲು) ನಿಜವಾದ ವಾದಕರನ್ನೇ ಕರೆಯಿರಿ. ಕಂಪ್ಯೂಟರಿನ ಸ್ಟೀಲ್ ಕಂಟ್ರಿ ಕೇಳುವ ಕಿವಿಗೆ ಎರಡು ಬಾರ್‌ನಲ್ಲೇ ಗೊತ್ತಾಗಿಬಿಡುತ್ತದೆ.

ಅಂದೇ ಎರಡು ಕೆಲಸ ಮುಗಿಸಿ. ಪ್ರತಿ ವಾದಕರಿಂದಲೂ ತಮ್ಮ ಕೆಲಸದ ಹಕ್ಕು ನಿಮಗೆ ಸೇರಿದ್ದು ಎಂಬ ಸಹಿ, ನಿರ್ಮಾಪಕರ ಜೊತೆ ಪಾಲಿನ ಒಪ್ಪಂದ ಲಿಖಿತವಾಗಿರಲಿ. ಇದಿಲ್ಲದೆ ಹೋದರೆ ಹಾಡು ಓಡಿದ ಮೇಲೆ ಮಾಸ್ಟರ್‌ನಲ್ಲಿ ನನಗೂ ಪಾಲಿದೆ ಎಂದು ಯಾರಾದರೂ ಬರಬಹುದು. ಮಿಕ್ಸ್ ಮುಗಿದಾಗ ದನಿಯಿಲ್ಲದ ಆವೃತ್ತಿಯನ್ನೂ ಇಡೀ ಸೆಶನ್ ಕಡತಗಳನ್ನೂ ಕೇಳಿ ಪಡೆಯಿರಿ. ಸಿನಿಮಾ, ಜಾಹೀರಾತಿನವರು ಹಾಡು ಕೇಳಿದಾಗ ದನಿಯಿಲ್ಲದ ಆವೃತ್ತಿಯನ್ನೂ ಕೇಳುತ್ತಾರೆ, ಅದೂ ತುರ್ತಾಗಿ.

ಬಿಡುಗಡೆ

ಹಾಡನ್ನು ಡಿಸ್ಟ್ರಿಬ್ಯೂಟರಿಗೆ ನಾಲ್ಕು ವಾರ ಮೊದಲೇ ತಲುಪಿಸಿ. ಸ್ಪಾಟಿಫೈ ಸಂಪಾದಕರಿಗೆ ಕನಿಷ್ಠ 7 ದಿನ ಮುಂಚೆ ಹಾಡು ಸಲ್ಲಿಸಿದರೆ, ಅದು ನಿಮ್ಮನ್ನು ಫಾಲೋ ಮಾಡುವವರ ರಿಲೀಸ್ ರೇಡಾರ್ ಎಂಬ ಹೊಸ ಹಾಡುಗಳ ಪಟ್ಟಿಗೂ ಹೋಗುತ್ತದೆ. ಕೊನೆಯ ಕ್ಷಣದಲ್ಲಿ ಹಾಕಿದರೆ ಈ ಅವಕಾಶ ತಪ್ಪುತ್ತದೆ. 2024ರಿಂದ ಒಂದು ಹಾಡು ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದಿದ್ದರೆ ಮಾಸ್ಟರ್‌ಗೆ ಸ್ಪಾಟಿಫೈ ಹಣ ಕೊಡುವುದಿಲ್ಲ. ಹಾಗಾಗಿ ಒಟ್ಟಿಗೆ ಹತ್ತು ಹಾಡು ಸುರಿಯುವುದಕ್ಕಿಂತ ಆರು-ಎಂಟು ವಾರಕ್ಕೊಂದು ಬಿಡುವುದು ಮೇಲು. ಹಣ ಕೊಟ್ಟರೆ ಇಷ್ಟು ಸಾವಿರ ಕೇಳುಗರನ್ನು ಕೊಡುತ್ತೇವೆ ಎನ್ನುವವರ ಸಹವಾಸ ಬೇಡವೇ ಬೇಡ. ಅವು ಯಂತ್ರದ ಕಿವಿಗಳು. ಸಿಕ್ಕಿಬಿದ್ದರೆ ಹಾಡನ್ನೇ ಕಿತ್ತುಹಾಕುತ್ತಾರೆ.

ರಸ್ತೆ, ವೇದಿಕೆ, ಲೆಕ್ಕ

ಮೂರು-ನಾಲ್ಕು ತಿಂಗಳು ಮೊದಲು ಜಾಗದವರಿಗೆ ಇಮೇಲ್ ಬರೆಯಿರಿ. ಐದೇ ಸಾಲು: ಯಾವ ತಾರೀಖು, ಆ ಊರಿನಲ್ಲಿ ಎಷ್ಟು ಜನ ಬರುತ್ತಾರೆ, ಜನರ ಮುಂದೆ ಹಾಡಿದ ಒಂದು ವಿಡಿಯೋ, ಎಷ್ಟು ಮಂದಿಯ ತಂಡ, ಫೋನ್ ನಂಬರ್. 20 ಜನ ಬರುವ ಕಡೆ 100 ಎಂದು ಬರೆದರೆ ಎರಡನೇ ಸಲ ಕರೆಯುವುದಿಲ್ಲ.

ಒಪ್ಪಂದದ ಒಂದೊಂದು ಪದಕ್ಕೂ ಬೆಲೆಯಿದೆ. 250 ಡಾಲರ್ ಗ್ಯಾರಂಟಿ ಅಥವಾ ಟಿಕೆಟ್ ಹಣದ ಶೇ. 80, ಯಾವುದು ಹೆಚ್ಚೋ ಅದು ಎಂದಿದೆ ಅನ್ನಿ. 15 ಡಾಲರಿನ 60 ಟಿಕೆಟ್ ಹೋದರೆ 900. ಒಟ್ಟು ಹಣದ ಶೇ. 80 ಎಂದರೆ 720. "ಖರ್ಚು ಕಳೆದು" ಎಂದಿದ್ದು, ಸೌಂಡ್ ಎಂಜಿನಿಯರ್ ಮತ್ತು ಬಾಗಿಲಿನವರಿಗೆಂದು 200 ಕಳೆದರೆ 560. ಆ 160 ಡಾಲರ್‌ನಲ್ಲಿ ಮುಂದಿನ ಊರಿನ ಪೆಟ್ರೋಲ್ ಇದೆ. ಯಾವ ಖರ್ಚು, ಗರಿಷ್ಠ ಎಷ್ಟು ಎಂದು ಮೊದಲೇ ಬರೆಸಿಕೊಳ್ಳಿ.

ಟೀ ಶರ್ಟ್, ವಿನೈಲ್ ಮಾರುವ ಮೇಜನ್ನು ಬಾಗಿಲ ಹತ್ತಿರ ಹಾಕಿ, ಕಾರ್ಡ್ ತೆಗೆದುಕೊಳ್ಳುವ ಯಂತ್ರ ಇರಲಿ, ಬೆಲೆ ದಪ್ಪಕ್ಷರದಲ್ಲಿ ಕಾಣಲಿ. ಕೆಲವು ಜಾಗದವರು ಇದರಲ್ಲೂ ಪಾಲು ಕೇಳುತ್ತಾರೆ, ಮೊದಲೇ ವಿಚಾರಿಸಿ. ಮೇಜಿನ ಮೇಲಿನ ಹಾಳೆಯಲ್ಲಿ ಇಮೇಲ್ ಜೊತೆ ಪಿನ್‌ಕೋಡನ್ನೂ ಬರೆಸಿ. ಅಲ್ಲಿ ಅದನ್ನು ಜಿಪ್ ಕೋಡ್ ಎನ್ನುತ್ತಾರೆ. ಮುಂದಿನ ಪ್ರವಾಸ ಯಾವ ಊರಿನ ಮೇಲೆ ಹಾಯಬೇಕೆಂದು ಅದೇ ಹೇಳುತ್ತದೆ.

ಗಿಟಾರ್ ಬಗ್ಗೆ ಒಂದು ಮಾತು. ಅಕೂಸ್ಟಿಕ್ ಗಿಟಾರಿಗೆ ಶೇ. 45ರಿಂದ 55 ತೇವಾಂಶ ಹಿತ. ಚಳಿಗಾಲದಲ್ಲಿ ಹೀಟರ್ ಹಾಕಿದ ವ್ಯಾನಿನಲ್ಲಿ ಒಣಗಿದರೆ ಮೊದಲು ಫ್ರೆಟ್‌ಗಳ (ಕತ್ತಿನ ಮೇಲಿನ ಲೋಹದ ಪಟ್ಟಿ) ತುದಿಗಳು ಬೆರಳಿಗೆ ಚುಚ್ಚುತ್ತವೆ, ಆಮೇಲೆ ಮೇಲ್ಮೈ ತಗ್ಗಾಗುತ್ತದೆ, ಕೊನೆಗೆ ತಂತಿ ಕಟ್ಟಿದ ಬ್ರಿಡ್ಜ್ ಬಳಿ ಸೀಳುತ್ತದೆ. ಪೆಟ್ಟಿಗೆಯಲ್ಲಿ ತೇವ ಕಾಯುವ ಪ್ಯಾಕೆಟ್ ಇಡಿ, ಪುಟ್ಟ ಮಾಪಕವೂ ಇರಲಿ. ನಿಮ್ಮದೇ ಡಿಐ ಬಾಕ್ಸ್ (ಗಿಟಾರನ್ನು ಸೌಂಡ್ ವ್ಯವಸ್ಥೆಗೆ ಜೋಡಿಸುವ ಪೆಟ್ಟಿಗೆ), ಎರಡು ಕೇಬಲ್, ಒಂದು ಶ್ಯೂರ್ ಎಸ್ಎಂ58 ಮೈಕ್ ಜೊತೆಗಿದ್ದರೆ ಅರ್ಧ ಅಪಾಯ ತಪ್ಪಿದಂತೆ.

ಕಾರ್ಯಕ್ರಮ ಮುಗಿದ ರಾತ್ರಿಯೇ ಹಾಡಿದ ಪಟ್ಟಿಯನ್ನು ಬಿಎಂಐ ಲೈವ್ ಅಥವಾ ಆಸ್ಕ್ಯಾಪ್ ಆನ್‌ಸ್ಟೇಜ್‌ಗೆ ಹಾಕಿ. ಸ್ವಂತ ಹಾಡನ್ನು ಸ್ವತಃ ಹಾಡಿದ್ದಕ್ಕೂ ರಾಯಲ್ಟಿ ಬರುತ್ತದೆ, ಗಡುವು ಮೀರಿದರೆ ಬರುವುದಿಲ್ಲ. ಪಕ್ಕದಲ್ಲೇ ಆ ದಿನ ಓಡಿದ ಮೈಲಿಯನ್ನೂ ತೆರಿಗೆಯ ಲೆಕ್ಕಕ್ಕೆ ಬರೆದಿಡಿ. ಸ್ವಂತ ದುಡಿಮೆಯ ತೆರಿಗೆಯೇ ಶೇ. 15.3, ಆದಾಯ ತೆರಿಗೆ ಅದರ ಮೇಲೆ. ವರ್ಷಕ್ಕೆ ನಾಲ್ಕು ಕಂತಿನಲ್ಲಿ ಕಟ್ಟಬೇಕು, ಆದ್ದರಿಂದ ಬಂದ ಹಣದ ಕಾಲುಭಾಗವನ್ನು ಬೇರೆ ಖಾತೆಗೆ ಹಾಕಿ ಮರೆತುಬಿಡಿ.

ಒಪ್ಪಂದ ಹುಡುಕಿಕೊಂಡು ಬಂದಾಗ

ಹಾಡನ್ನು ಪ್ರಕಟಿಸಲು ನಿಮ್ಮಿಂದಲೇ ಹಣ ಕೇಳುವವರು ಪ್ರಕಾಶಕರಲ್ಲ. ನಿಜವಾದ ಪ್ರಕಾಶಕರು ದುಡಿಯುವುದು ಹಾಡಿನ ಪಾಲಿನಿಂದ. ಒಂದೇ ಹಾಡಿನ ಒಪ್ಪಂದವಾದರೆ, ಇಂತಿಷ್ಟು ತಿಂಗಳಲ್ಲಿ ಯಾರೂ ಅದನ್ನು ಮುದ್ರಿಸದಿದ್ದರೆ ಹಕ್ಕು ನಿಮಗೇ ಮರಳಬೇಕು ಎಂಬ ಷರತ್ತು ಸೇರಿಸಿ. ರೆಕಾರ್ಡ್ ಕಂಪನಿಯವರು ಬಂದರೆ ಮಾಸ್ಟರ್ ಮಾರುವ ಬದಲು ಕೆಲವು ವರ್ಷಕ್ಕೆ ಪರವಾನಗಿ ಕೊಡಲು ಆಗುತ್ತದೆಯೇ ಎಂದು ಮೊದಲು ಕೇಳಿ, ಸಂಗೀತದ ಒಪ್ಪಂದ ಬಲ್ಲ ವಕೀಲರಿಂದ ಓದಿಸಿ. ಅವರ ವಕೀಲರು ನಿಮ್ಮ ವಕೀಲರಲ್ಲ. ಹಕ್ಕನ್ನು ಬರೆದುಕೊಟ್ಟರೂ, ಅದು ಕೂಲಿಗಾಗಿ ಮಾಡಿದ ಕೃತಿ (ಮಾಡಿಸಿದವರೇ ಕರ್ತೃ ಎನಿಸುವ ಕೆಲಸ) ಎಂದಾಗದಿದ್ದರೆ, ಅಮೆರಿಕದ ಕಾನೂನಿನಂತೆ ಸಾಮಾನ್ಯವಾಗಿ 35 ವರ್ಷದ ಬಳಿಕ ಹಿಂಪಡೆಯಬಹುದು. ಅದಕ್ಕೆ ಹಿಂಪಡೆಯುವ ದಿನಕ್ಕಿಂತ ಕನಿಷ್ಠ 2 ವರ್ಷ, ಗರಿಷ್ಠ 10 ವರ್ಷ ಮೊದಲು ನೋಟಿಸ್ ಕೊಡಬೇಕು. ಸಹಿ ಹಾಕಿದ ತಾರೀಖನ್ನು ಮನೆಯವರಿಗೂ ಗೊತ್ತಿರುವ ಕಡೆ ಬರೆದಿಡಿ.