ಬ್ಯಾಡ್‌ಲ್ಯಾಂಡ್ಸ್‌ನಲ್ಲಿ ನಮ್ಮೂರ ಎರಿಮಣ್ಣು

ಅಮೆರಿಕದ ಮಿನಿಯಾಪೊಲಿಸ್‌ನಿಂದ ಸೌತ್ ಡಕೋಟಾ ರಾಜ್ಯದ ಬ್ಯಾಡ್‌ಲ್ಯಾಂಡ್ಸ್ ಉದ್ಯಾನದ ಕಡೆ ಹೊರಟಾಗ ನನಗಿದ್ದ ಹೆದರಿಕೆಯೆಲ್ಲ ಕಾಡುಕೋಣದಂಥ ಬೈಸನ್, ವಿಷದ ರ್‍ಯಾಟಲ್‌ಸ್ನೇಕ್‌ಗಳದ್ದು. ಹಾವು ಕಣ್ಣಿಗೂ ಬೀಳಲಿಲ್ಲ. ಕಾಡಿದ್ದು ಗಾಳಿ ಮತ್ತು ಮಣ್ಣು.

ಮೊದಲ ರಾತ್ರಿ ಚೇಂಬರ್ಲಿನ್ ಊರಿನ ಹತ್ತಿರ, ಮಿಸ್ಸೌರಿ ನದಿಯ ದಂಡೆಯಲ್ಲಿ ಟೆಂಟ್ ಹಾಕಿದೆವು. ಟೆಂಟ್ ಜೊತೆ ಬಂದಿದ್ದ ತಂತಿಯಂಥ ಗೂಟಗಳನ್ನೇ ಹೊಡೆದಿದ್ದೆವು. ನಡುರಾತ್ರಿ ಗಾಳಿ ಎದ್ದು ಒಂದು ಮಗ್ಗುಲಿನ ಗೂಟಗಳನ್ನೆಲ್ಲ ಕಿತ್ತಿತು, ಕೋಲು ಬಾಗಿತು. ನಾನು, ನಮ್ಮವರು, ಮಗ, ಮೂವರೂ ಕಾರಿನಲ್ಲಿ ಮುದುಡಿ ಮಲಗಿದೆವು. ನೂರಾರು ಮೈಲಿ ಗಿಡವಿಲ್ಲ, ಗುಡ್ಡವಿಲ್ಲ, ಬರೀ ಹುಲ್ಲು. ಅಲ್ಲಿ ಗಾಳಿಗೆ ಅಡ್ಡ ಬರುವುದು ನಮ್ಮ ಟೆಂಟೊಂದೇ.

ಬೆಳಿಗ್ಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಅಡಿ ಉದ್ದದ ಕಬ್ಬಿಣದ ಗೂಟಗಳನ್ನು ಕೊಂಡೆ. ಅಂದಿನಿಂದ ನಾನು ಮಾಡಿದ್ದಿಷ್ಟು: ಗಾಳಿ ಬರುವ ಕಡೆ ಕಾರು ಅಡ್ಡ ನಿಲ್ಲಿಸುವುದು, ಟೆಂಟಿನ ತಗ್ಗಾದ ಬದಿಯನ್ನು ಅದೇ ದಿಕ್ಕಿಗಿಡುವುದು, ಎತ್ತುವ ಮೊದಲೇ ಒಳಗೆ ಚೀಲಗಳನ್ನು ಹೇರುವುದು. ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲಿರಬೇಕು. ದನ ಕಟ್ಟುವ ಗೂಟ ಹೊಡೆಯುವುದನ್ನು ನೋಡಿ ಬೆಳೆದ ನನಗೆ ಇದು ಮೊದಲ ರಾತ್ರಿಯೇ ಹೊಳೆಯಬೇಕಿತ್ತು!

ಹೆದ್ದಾರಿ 90ರಲ್ಲಿ ಒಂದು ಅನುಕೂಲವಿದೆ. ಎಕ್ಸಿಟ್, ಅಂದರೆ ಹೆದ್ದಾರಿಯಿಂದ ಇಳಿಯುವ ದಾರಿಗಳ ಸಂಖ್ಯೆಗಳು ರಾಜ್ಯದ ಪಶ್ಚಿಮ ಗಡಿಯಿಂದ ಎಣಿಸಿದ ಮೈಲಿಗಳು. ಚೇಂಬರ್ಲಿನ್ 263, ವಾಲ್ ಊರು 110, ಅಂದರೆ ನಡುವೆ 153 ಮೈಲಿ. ವೇಗದ ಮಿತಿ ಗಂಟೆಗೆ 80 ಮೈಲಿ. ಎದುರುಗಾಳಿಗೆ ಅಷ್ಟು ವೇಗದಲ್ಲಿ ಹೋದರೆ ಪೆಟ್ರೋಲ್ ಮುಳ್ಳು ಕಣ್ಣೆದುರೇ ಇಳಿಯುತ್ತದೆ. ಅರ್ಧ ಟ್ಯಾಂಕ್ ಆದ ಕೂಡಲೇ ತುಂಬಿಸುತ್ತಿದ್ದೆ. ದಾರಿಯುದ್ದಕ್ಕೂ 'ವಾಲ್ ಡ್ರಗ್' ಎಂಬ ಔಷಧಿ ಅಂಗಡಿಯ ಫಲಕಗಳು. 1930ರ ದಶಕದಲ್ಲಿ ಪುಕ್ಕಟೆ ಐಸ್ ನೀರು ಕೊಡುತ್ತೇವೆಂದು ಫಲಕ ಹಾಕಿ ಹೆಸರಾದ ಅಂಗಡಿ. ಅರವಟ್ಟಿಗೆಯಿಂದ ವ್ಯಾಪಾರ ಬೆಳೆಸಿದ ಜಾಣರು.

ವಾಲ್‌ನಲ್ಲಿ ಇಪ್ಪತ್ತು ಲೀಟರ್ ನೀರು ತುಂಬಿಕೊಂಡೆವು, ಏಕೆಂದರೆ ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ಸೇಜ್ ಕ್ರೀಕ್ ಕ್ಯಾಂಪ್‌ನಲ್ಲಿ ನೀರಿಲ್ಲ. ಬಾಡಿಗೆಯೂ ಇಲ್ಲ. ಉದ್ಯಾನದಲ್ಲಿ ಎಲ್ಲಿಯೂ ಕಟ್ಟಿಗೆ ಬೆಂಕಿ ಹಾಕುವಂತಿಲ್ಲ, ಒಣಹುಲ್ಲು ಕ್ಷಣದಲ್ಲಿ ಹತ್ತಿಕೊಳ್ಳುತ್ತದೆ. ಗ್ಯಾಸ್ ಒಲೆ ನಡೆಯುತ್ತದೆ, ಆದರೆ ಆ ಗಾಳಿಗೆ ಅದೂ ಆರಿ ಹೋಗುತ್ತಿತ್ತು. ಮೊಸರು, ಜೊತೆಗೆ ಗದಗಿನಿಂದ ಅವ್ವ ಕಳಿಸಿದ್ದ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಇಷ್ಟರಲ್ಲೇ ಎರಡು ದಿನ ಕಳೆದೆವು. ಬೈಸನ್ ಒಂದು ನಿಧಾನವಾಗಿ ಟೆಂಟುಗಳ ನಡುವೆಯೇ ದಾಟಿ ಹೋಯಿತು. ಮಗನನ್ನು ಕಾರಿನೊಳಗೆ ಕೂರಿಸಿ ಉಸಿರು ಬಿಗಿಹಿಡಿದು ನೋಡಿದೆವು.

ಸೇಜ್ ಕ್ರೀಕ್‌ನ ಎರಡನೇ ರಾತ್ರಿ ಗುಡುಗು ಮಳೆ. ಟೆಂಟ್ ನಿಂತಿತು, ಆದರೆ ಬೆಳಿಗ್ಗೆ ಹೊರಗೆ ಕಾಲಿಟ್ಟರೆ ಚಪ್ಪಲಿ ಮೇಲೇಳಲಿಲ್ಲ. ಅಲ್ಲಿನ ಜೇಡಿಯಲ್ಲಿ ಬೆಂಟೊನೈಟ್ ಇದೆ, ನೀರು ಕುಡಿದು ಉಬ್ಬುತ್ತದೆ. ಥೇಟ್ ನಮ್ಮ ಎರಿಹೊಲ. ಒಂದೊಂದು ಹೆಜ್ಜೆಗೂ ಅರ್ಧ ಕಿಲೋ ಮಣ್ಣು.

"ಮಳೆ ನಿಂತಿದೆಯಲ್ಲ, ಹೊರಡೋಣ," ಅಂದರು ನಮ್ಮವರು. ಅವರು ಬೆಂಗಳೂರಿನವರು.

"ಬಿಸಿಲು ಬೀಳೋತನಕ ತಡೀರಿ. ಎರಿಯಾಗ ಸಿಕ್ಕ ಚಕ್ಕಡಿ ನೋಡೀನಿ ನಾನು," ಅಂದೆ.

ನಮ್ಮ ಪಕ್ಕದ ಟೆಂಟಿನವರು ಹೊರಟರು. ಮೊದಲ ಏರಿನಲ್ಲೇ ಅವರ ಕಾರು ಅಡ್ಡ ಜಾರಿ ಚರಂಡಿಗಿಳಿಯಿತು. ಗಂಡ ಹೆಂಡತಿ ಇಬ್ಬರೂ ಮೊಣಕಾಲುದ್ದ ಮಣ್ಣಾಗಿ ನಡೆದು ವಾಪಸ್ ಬಂದರು. ರೊಟ್ಟಿ ಕೊಟ್ಟೆವು. ಆತ ಚಟ್ನಿ ಹಚ್ಚಿಕೊಂಡು ಮೂರು ತಿಂದ.

ಹನ್ನೊಂದೂವರೆಗೆ ರಸ್ತೆಯ ಮೇಲ್ಪದರ ಬೆಳ್ಳಗಾಗಿ ಬಿರುಕು ಬಿಟ್ಟಿತು. ಹಿಮ್ಮಡಿಯಿಂದ ಒತ್ತಿ ನೋಡಿದೆ, ಒಳಗಿಳಿಯಲಿಲ್ಲ. ಆ ದಂಪತಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ವಾಲ್ ಕಡೆ ತಿರುಗಿದೆವು.