ತೋಡಿನ ಮೊದಲ ಕಪ್ಪು ನೀರು

ಮಂಗಳೂರಿನ ಹಳೇ ಬಂದರಿಗೆ ಹೋಗಿ ಸೇರುವ ತೋಡೊಂದರ ಮಳೆನೀರನ್ನು ಪರೀಕ್ಷಿಸಲು ಹೊರಟ ಮೊದಲ ವರ್ಷ ನಾನು ಅಲ್ಲಿಗೆ ಮುಟ್ಟಿದ್ದು ಮಳೆ ಹಿಡಿದು ಎರಡು ಗಂಟೆಯಾದ ಮೇಲೆ. ನೀರು ಹೆಚ್ಚುಕಡಿಮೆ ತಿಳಿಯಾಗಿತ್ತು. ಧಕ್ಕೆಯಲ್ಲಿ ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರು, "ಈಗ ಬಂದ್ರೆ ಎಂತ ಸಿಗ್ತದೆ ಮೇಡಂ? ಕಪ್ಪು ನೀರೆಲ್ಲ ಆಗಲೇ ಹೋಯ್ತಲ್ಲ" ಅಂದರು. ಅವರ ಮಾತೇ ಸರಿ. ಬೇಸಿಗೆಯಿಡೀ ರಸ್ತೆಯಲ್ಲಿ ಕೂತ ಟಯರಿನ ಪುಡಿ, ಹೊಗೆಯ ಮಸಿ, ಗ್ಯಾರೇಜಿನ ಎಣ್ಣೆ ಬಹುಪಾಲು ಮೊದಲ ರಭಸಕ್ಕೇ ತೊಳೆದುಹೋಗುತ್ತವೆ.

ಮರುವರ್ಷ ಮೇ ಕೊನೆಯಿಂದಲೇ ಬಾಟಲಿಗಳನ್ನು ಸ್ಕೂಟರಿನಲ್ಲಿಟ್ಟುಕೊಂಡು ಓಡಾಡಿದೆ. ಎಲ್ಲವೂ ಕಂದು ಗಾಜಿನವು, ಜಿಡ್ಡು ಕರಗಿಸುವ ದ್ರಾವಕ ಹೆಕ್ಸೇನ್‌ನಲ್ಲಿ ತೊಳೆದು ಒಣಗಿಸಿದವು. ಪ್ಲಾಸ್ಟಿಕ್ ಬಾಟಲಿ ಬೇಡವೇ ಬೇಡ, ನಾನು ಹುಡುಕುತ್ತಿದ್ದ ಮಸಿ, ಎಣ್ಣೆಯ ರಾಸಾಯನಿಕಗಳು ಅದರ ಗೋಡೆಗೇ ಅಂಟಿಕೊಂಡುಬಿಡುತ್ತವೆ. ಮೋಡ ಕಟ್ಟಿದ ಒಂದು ಸಂಜೆ ಮೋರಿಯ ಬಾಯಲ್ಲಿ ಕಾದು ನಿಂತೆ. ನೀರು ಹರಿಯತೊಡಗಿದ್ದೇ ತಡ, ಹತ್ತು ನಿಮಿಷಕ್ಕೊಂದರಂತೆ ತುಂಬಿಸುತ್ತಾ ಹೋದೆ.

ಲ್ಯಾಬಿನಲ್ಲಿ ಸೋಸುವಾಗ ಮೊದಲ ಬಾಟಲಿ ಕಾಲುಭಾಗ ಇಳಿಯುವಷ್ಟರಲ್ಲೇ ಫಿಲ್ಟರ್ ಕಟ್ಟಿಕೊಂಡಿತು. ಬಿಳಿ ಹಾಳೆಯ ಮೇಲೆ ಕಾಡಿಗೆಯಂಥ ಪದರ, ಗ್ಲೌಸಿಗೆ ಅಂಟುವ ಜಿಡ್ಡು. ಆರನೆಯ ಬಾಟಲಿಯ ಹಾಳೆ ಬರೀ ಚಹಾ ಬಣ್ಣ.

ನೋಡಬೇಕಾದದ್ದು ಆ ಕಪ್ಪು ಪದರವನ್ನೇ. ಮಸಿಯ ಪಿಎಎಚ್ (ಇಂಧನ ಅರೆಬರೆ ಉರಿದಾಗ ಹುಟ್ಟುವ ರಾಸಾಯನಿಕಗಳು), ಹಳೇ ಟ್ರಾನ್ಸ್‌ಫಾರ್ಮರ್ ಎಣ್ಣೆಯ ಪಿಸಿಬಿ ಎಂಬ ಕ್ಲೋರಿನ್ ಸಂಯುಕ್ತಗಳು, ಕೀಟನಾಶಕ ಡಿಡಿಟಿ ಇಂಥವು ನೀರಿನಲ್ಲಿ ಕರಗುವುದು ತೀರಾ ಕಡಿಮೆ. ನುಣ್ಣನೆಯ ಮಣ್ಣಿನ ಕಣಗಳಿಗೆ ಅಂಟಿಕೊಂಡೇ ಬರುತ್ತವೆ, ಹರಿವು ತಗ್ಗಿದ ಕಡೆ ಬಂದರಿನ ತಳದಲ್ಲಿ ಕೂರುತ್ತವೆ, ಅಲ್ಲಿಂದ ಹುಳ, ಸಿಗಡಿಗಳ ದಾರಿಯಾಗಿ ಮೀನಿಗೆ ಹತ್ತುತ್ತವೆ. ಪಿಸಿಬಿಯ ತಯಾರಿಕೆ, ಆಮದನ್ನು ನಮ್ಮ ದೇಶ 2016ರ ಆದೇಶದಲ್ಲೇ ನಿಷೇಧಿಸಿದೆ. ಆದರೆ ಹಿಂದೆಂದೋ ಎಣ್ಣೆ ಕುಡಿದ ಮಣ್ಣು ಎಲ್ಲಾದರೂ ಉಳಿದಿದ್ದರೆ, ಜೋರು ಮಳೆಗೆ ಇಷ್ಟಿಷ್ಟೇ ತೋಡಿಗೆ ಇಳಿಯುತ್ತಲೇ ಇರುತ್ತದೆ.

ನನಗೆ ಹೊಟ್ಟೆ ಉರಿದದ್ದು ಮೇ ತಿಂಗಳ ಹೂಳೆತ್ತುವ ಕೆಲಸ ನೋಡಿ. ತೋಡಿನಿಂದ ತೆಗೆದ ಹೂಳನ್ನು ಅದರ ದಡದಲ್ಲೇ ರಾಶಿ ಹಾಕಿ ಹೋಗಿದ್ದರು. ಮೊದಲ ಮಳೆಗೆ ಅಷ್ಟೂ ಹೂಳು ವಾಪಸ್ ತೋಡಿಗೆ! ಕಳೆದ ವರ್ಷ ಓಣಿಯವರೆಲ್ಲ ಸೇರಿ, ರಾಶಿ ಹಾಕಿದ ದಿನವೇ ಲಾರಿ ತರಿಸುವಂತೆ ಪಟ್ಟು ಹಿಡಿದೆವು. ಲಾರಿ ಬಂತು. ಎಲ್ಲಿಗೆ ಒಯ್ಯುತ್ತೀರಿ ಅಂತಲೂ ಕೇಳಿದೆವು, ಇನ್ನೊಂದು ಹೊಳೆಯ ಬದಿಗೆ ಸುರಿದರೆ ಏನು ಬಂತು? ಹೊರಡುವ ಮುಂಚೆ ಆ ಹೂಳಿನಿಂದ ಒಂದು ಗಾಜಿನ ಜಾಡಿ ತುಂಬಿಸಿಕೊಂಡೆ. ತೋಡಿನ ನೀರಿನ ಜೊತೆ ಅದನ್ನೂ ಪರೀಕ್ಷೆಗೆ ಹಾಕುತ್ತಿದ್ದೇನೆ.